ಕಲಬುರಗಿಯಲ್ಲಿ 30×40ರ ಮನೆಗೆ ಇಂಧನ ಸಂಹಿತೆ ಕಡ್ಡಾಯವೇ? ಕಡ್ಡಾಯವಲ್ಲದಿದ್ದರೆ ಅದಕ್ಕಾಗಿ ಖರ್ಚು ಮಾಡಬೇಕೇ?

ನೀವು ಕೇಳಿರುವುದು ಇಷ್ಟು: ಕಲಬುರಗಿಯಲ್ಲಿ 30×40 ಅಡಿಯ ನಿವೇಶನದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೀರಿ. ಬೆಂಗಳೂರಿನ ಎಂಜಿನಿಯರ್ ಒಬ್ಬರು ಮಾಡಿಕೊಟ್ಟ ನಕ್ಷೆಯಲ್ಲಿ 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ಮೇಲೆ ಬರಿಯ ಆರ್‌ಸಿಸಿ ತಾರಸಿ ಇದೆ. ಮನೆಗಳಿಗೂ ಈಗ ಇಂಧನ ಸಂಹಿತೆ, ಅಂದರೆ ಕಟ್ಟಡದ ಶಾಖ ಮತ್ತು ವಿದ್ಯುತ್ ಬಳಕೆಗೆ ಮಿತಿ ಹಾಕುವ ನಿಯಮಾವಳಿ, ಕಡ್ಡಾಯವಾಗಿದೆ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಅದು ನಿಜವೇ, ನಿಜವಲ್ಲದಿದ್ದರೆ ಅದರ ಪ್ರಕಾರ ಕಟ್ಟಿಸುವುದರಲ್ಲಿ ಅರ್ಥವಿದೆಯೇ ಎಂಬುದು ನಿಮ್ಮ ಪ್ರಶ್ನೆ. ಕಟ್ಟಡಗಳ ಶಾಖದ ಲೆಕ್ಕ ಮಾಡಿಕೊಡುವುದು ಹಲವು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗವಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ನಿಮ್ಮ ಮನೆಗೆ ಅದು ಕಡ್ಡಾಯವಲ್ಲ. ಆದರೆ ನಿಮ್ಮ ನಕ್ಷೆ ಬೆಂಗಳೂರಿಗೆ ಸರಿ, ಕಲಬುರಗಿಗೆ ಸರಿಯಲ್ಲ ಎಂಬುದು ಅದೇ ಸಂಹಿತೆಯ ಅಂಕಿಗಳಿಂದ ಗೊತ್ತಾಗುತ್ತದೆ.

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ಇಂಧನ ಸಂರಕ್ಷಣಾ ಕಾಯ್ದೆ 2001ರದು. ಅದರ ಅಡಿಯಲ್ಲಿ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, 2002ರಲ್ಲಿ ಸ್ಥಾಪನೆಯಾಯಿತು. 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇಸಿಬಿಸಿ ಎಂಬ ಸಂಹಿತೆ ವಾಣಿಜ್ಯ ಕಟ್ಟಡಗಳಿಗೆ ಸಂಬಂಧಿಸಿದ್ದು. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಂಪರ್ಕಿತ ಹೊರೆ (ಅಳವಡಿಸಿದ ಉಪಕರಣಗಳ ಒಟ್ಟು ವಿದ್ಯುತ್ ಸಾಮರ್ಥ್ಯ), ಇಲ್ಲವೇ 120 ಕೆವಿಎ ಅಥವಾ ಅದಕ್ಕಿಂತ ಹೆಚ್ಚಿನ ಒಪ್ಪಂದದ ಬೇಡಿಕೆ (ವಿದ್ಯುತ್ ಕಂಪನಿಯೊಡನೆ ಒಪ್ಪಿಕೊಂಡ ಗರಿಷ್ಠ ಬಳಕೆ) ಇರುವ ಕಟ್ಟಡಗಳು ಅದರ ವ್ಯಾಪ್ತಿಗೆ ಬರುತ್ತವೆ. ವಾಸದ ಮನೆಗಳಿಗೆಂದು 2018ರ ಡಿಸೆಂಬರ್ 14ರಂದು ‘ಇಕೋ ನಿವಾಸ್ ಸಂಹಿತಾ’ದ ಮೊದಲ ಭಾಗ ಬಿಡುಗಡೆಯಾಯಿತು. ಅದು ಅನ್ವಯವಾಗುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 60×90ರ ಸೈಟಿಗೆ. ನಿಮ್ಮದು 111 ಚದರ ಮೀಟರ್. ನಿಮ್ಮ ಪರಿಚಿತರ ಕಿವಿಗೆ ಬಿದ್ದಿರುವುದು ಬಹುಶಃ 2022ರ ತಿದ್ದುಪಡಿಯ ಸುದ್ದಿ. ಅದು ವಸತಿ ಕಟ್ಟಡಗಳನ್ನೂ ಕಾಯ್ದೆಯೊಳಗೆ ತಂದಿತು ನಿಜ, ಆದರೆ ಅಲ್ಲಿಯೂ ಮಿತಿ ಅದೇ 100 ಕಿಲೋವ್ಯಾಟ್. ಅಪಾರ್ಟ್‌ಮೆಂಟ್ ಸಮುಚ್ಚಯಗಳು ಅದಕ್ಕೆ ಸಿಗುತ್ತವೆ, 5 ಕಿಲೋವ್ಯಾಟ್ ಮಂಜೂರಾದ ಮನೆ ಸಿಗುವುದಿಲ್ಲ.

ಈ ಕಾಯ್ದೆಯ 15ನೇ ಕಲಮಿನಲ್ಲಿ ಹೆಚ್ಚಿನವರು ಗಮನಿಸದ ಒಂದು ಮಾತಿದೆ. ಕೇಂದ್ರ ರೂಪಿಸಿದ ಸಂಹಿತೆಯನ್ನು ಆಯಾ ಪ್ರದೇಶದ ಹವಾಮಾನಕ್ಕೆ ಹೊಂದುವಂತೆ ತಿದ್ದುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕರ್ನಾಟಕದಲ್ಲಿ ಈ ಕಾಯ್ದೆಯ ಕೆಲಸಕ್ಕೆ ಗೊತ್ತುಪಡಿಸಿದ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ಕರಾವಳಿ, ಮಲೆನಾಡು, ಬಯಲುಸೀಮೆ ಮೂರೂ ಇರುವ ರಾಜ್ಯಕ್ಕೆ ಇದಕ್ಕಿಂತ ಉಪಯುಕ್ತವಾದ ಕಲಮು ಇನ್ನೊಂದಿಲ್ಲ. ಆದರೆ ನಿಯಮ ಕಾಗದದಿಂದ ಗೋಡೆಗೆ ಇಳಿಯಬೇಕಾದರೆ ಯಾವುದಾದರೂ ಒಂದು ಬಾಗಿಲಲ್ಲಿ ಅದನ್ನು ಕೇಳುವವರು ಇರಬೇಕು. ಬೆಂಗಳೂರಿನ ತಾರಸಿಗಳ ಮೇಲೆ ಅಷ್ಟೊಂದು ಸೋಲಾರ್ ವಾಟರ್ ಹೀಟರ್‌ಗಳು ಕಾಣುವುದಕ್ಕೆ ಜನರ ಪರಿಸರ ಪ್ರೇಮಕ್ಕಿಂತ ದೊಡ್ಡ ಕಾರಣ, ಅದನ್ನು ಅಳವಡಿಸದಿದ್ದರೆ ವಿದ್ಯುತ್ ಸಂಪರ್ಕವೇ ಸಿಗುವುದಿಲ್ಲ ಎಂಬ ಷರತ್ತು. ಗೋಡೆ ಮತ್ತು ತಾರಸಿಯ ಶಾಖದ ಬಗ್ಗೆ ಸಣ್ಣ ಮನೆಯವರನ್ನು ಹಾಗೆ ಯಾರೂ ಕೇಳುವುದಿಲ್ಲ; ಮುಂದೆ ಆ ಮನೆಯಲ್ಲಿ ಮಲಗುವವರೇ ಕೇಳಿಕೊಳ್ಳಬೇಕು.

ಈಗ ಅಂಕಿಗಳಿಗೆ ಬರೋಣ. ಒಂದು ಗೋಡೆ ಅಥವಾ ತಾರಸಿಯ ಎರಡು ಬದಿಗಳ ನಡುವೆ ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದನ್ನು ಯು-ಮೌಲ್ಯ ಎನ್ನುತ್ತಾರೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಆರು ಇಂಚಿನ ಸಾಲಿಡ್ ಬ್ಲಾಕಿಗೆ ಎರಡೂ ಬದಿ ಗಾರೆ ಮಾಡಿದರೆ ಇದು ಸುಮಾರು 3.1, ಒಂಬತ್ತು ಇಂಚಿನ ಸುಟ್ಟ ಇಟ್ಟಿಗೆ ಗೋಡೆಗೆ ಸುಮಾರು 2, ಎಂಟು ಇಂಚಿನ ಎಎಸಿ ಬ್ಲಾಕಿಗೆ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕು) ಸುಮಾರು 0.8. ಇಕೋ ನಿವಾಸ್ ಸಂಹಿತಾ ಗೋಡೆಯನ್ನು ಬೇರೆಯಾಗಿ, ಕಿಟಕಿಯನ್ನು ಬೇರೆಯಾಗಿ ನೋಡದೆ, ತಾರಸಿಯೊಂದನ್ನು ಬಿಟ್ಟು ಉಳಿದ ಹೊರಮೈಯಿಂದ ಸರಾಸರಿ ಎಷ್ಟು ಶಾಖ ಒಳಗೆ ಬರುತ್ತದೆ ಎಂಬುದನ್ನು ಆರ್‌ಇಟಿವಿ ಎಂಬ ಒಂದೇ ಸಂಖ್ಯೆಯಲ್ಲಿ ಹಿಡಿಯುತ್ತದೆ. ಚಳಿ ಪ್ರದೇಶಗಳನ್ನು ಬಿಟ್ಟು ಉಳಿದೆಲ್ಲ ವಲಯಗಳಲ್ಲಿ ಅದು ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಮಿತಿ ಎಲ್ಲೆಡೆ ಒಂದೇ, ಆದರೆ ಅದನ್ನು ಲೆಕ್ಕ ಹಾಕುವ ಗುಣಾಂಕಗಳು ವಲಯದಿಂದ ವಲಯಕ್ಕೆ ಬದಲಾಗುತ್ತವೆ. ಗೋಡೆಯ ಮೂಲಕ ಬರುವ ಶಾಖಕ್ಕೆ ಬೆಂಗಳೂರಿನಂಥ ಸಮಶೀತೋಷ್ಣ ವಲಯದಲ್ಲಿ ಗುಣಾಂಕ 3.38, ಮಂಗಳೂರಿನಂಥ ಬಿಸಿ-ಆರ್ದ್ರ ವಲಯದಲ್ಲಿ 5.15, ಬಿಸಿ-ಶುಷ್ಕ ವಲಯದಲ್ಲಿ 6.06. ಕಿಟಕಿಯಿಂದ ನೇರವಾಗಿ ಬರುವ ಬಿಸಿಲಿನ ಗುಣಾಂಕ ಮಾತ್ರ ಮೂರೂ ಕಡೆ ಹತ್ತಿರ ಹತ್ತಿರ: 63.69, 65.21, 68.99.

ನಿಮ್ಮ ನಕ್ಷೆಯನ್ನೇ ಇದಕ್ಕೆ ಹಾಕಿ ನೋಡಿದೆ. ಹೊರಗೋಡೆಯ ಹತ್ತರಲ್ಲಿ ಒಂದು ಪಾಲು ಕಿಟಕಿ, ನೆರಳಿಲ್ಲದ ಸಾಧಾರಣ ಗಾಜು, ದಿಕ್ಕಿನ ಗುಣಾಂಕ (ಗೋಡೆ ಯಾವ ದಿಕ್ಕಿಗಿದೆ ಎಂಬುದಕ್ಕೆ ತಕ್ಕ ಗುಣಾಂಕ) ಒಂದು ಎಂದು ಸರಳವಾಗಿ ಇಟ್ಟುಕೊಂಡೆ. ಆರು ಇಂಚಿನ ಸಾಲಿಡ್ ಬ್ಲಾಕಿನ ಮನೆಗೆ ಬೆಂಗಳೂರಿನಲ್ಲಿ 14.7 ಬರುತ್ತದೆ. 15ರ ಗೆರೆಯನ್ನು ಮುಟ್ಟದೆ ಪಾಸಾಯಿತು. ಹಾಗಾಗಿ ನಿಮ್ಮ ಎಂಜಿನಿಯರ್ ತಪ್ಪು ಮಾಡಿಲ್ಲ, ಅವರು ತಮ್ಮ ಊರಿಗೆ ಸರಿಯಾದ ಮನೆಯನ್ನೇ ಬರೆದಿದ್ದಾರೆ. ಅದೇ ಮನೆಗೆ ಬಿಸಿ-ಶುಷ್ಕ ವಲಯದಲ್ಲಿ 23.5, ಬಿಸಿ-ಆರ್ದ್ರ ವಲಯದಲ್ಲಿ 20.4. ಹವಾಮಾನ ನಕ್ಷೆಯಲ್ಲಿ ನಿಮ್ಮ ಊರನ್ನು ಇವೆರಡರಲ್ಲಿ ಯಾವುದಕ್ಕೆ ಸೇರಿಸಿದರೂ ಉತ್ತರ ಬದಲಾಗುವುದಿಲ್ಲ, ಆ ಗೋಡೆ ಅಲ್ಲಿ ನಡೆಯುವುದಿಲ್ಲ. ಬಿಸಿ-ಶುಷ್ಕ ಗುಣಾಂಕವನ್ನೇ ಹಿಡಿದು ಒಂಬತ್ತು ಇಂಚಿನ ಇಟ್ಟಿಗೆ ಹಾಕಿದರೆ 17.5ಕ್ಕೆ ಇಳಿಯುತ್ತದೆ, ಅದರ ಜೊತೆಗೆ ಕಿಟಕಿಗಳಿಗೆ ಸರಿಯಾದ ನೆರಳು ಕೊಟ್ಟು ಒಳಬರುವ ಬಿಸಿಲಿನ ಪಾಲನ್ನು 0.8ರಿಂದ 0.5ಕ್ಕೆ ತಂದರೆ 15.4, ಅಂದರೆ ಗೆರೆಯ ಪಕ್ಕ. ಎಂಟು ಇಂಚಿನ ಎಎಸಿ ಹಾಕಿದರೆ ನೆರಳಿನ ಲೆಕ್ಕವಿಲ್ಲದೆಯೇ ಸುಮಾರು 11.

ಇಷ್ಟು ಹೇಳಿದ ಮೇಲೂ, ಗೋಡೆಗಿಂತ ಮೊದಲು ನಿಮ್ಮ ಹಣ ಹೋಗಬೇಕಾದದ್ದು ತಾರಸಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಗೆ ದಿನದಲ್ಲಿ ಕೆಲವು ಗಂಟೆ ಬಿಸಿಲು, ತಾರಸಿಗೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ನಾನು ಹಿಂದೆ ಬಾಡಿಗೆಗಿದ್ದ ಮೇಲಂತಸ್ತಿನ ಮನೆಯಲ್ಲಿ ಏಪ್ರಿಲ್ ರಾತ್ರಿ ಹನ್ನೊಂದು ಗಂಟೆಗೆ ಕುರ್ಚಿ ಹತ್ತಿ ಸ್ಲ್ಯಾಬಿನ ತಳಕ್ಕೆ ಅಂಗೈ ಇಟ್ಟರೆ, ಆಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯನ್ನು ಮುಟ್ಟಿದಂತೆ ಇರುತ್ತಿತ್ತು. ಹೊರಗೆ ಗಾಳಿ ಆಗಲೇ ತಣ್ಣಗಾಗಿರುತ್ತಿತ್ತು. ಫ್ಯಾನು ಮಾತ್ರ ಆ ಸ್ಲ್ಯಾಬಿಗೆ ತಾಗಿದ ಬಿಸಿ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು.

ತಾರಸಿಯ ಯು-ಮೌಲ್ಯ 1.2 ಮೀರಬಾರದು ಎನ್ನುತ್ತದೆ ಸಂಹಿತೆ. ಆರು ಇಂಚಿನ ಬರಿಯ ಆರ್‌ಸಿಸಿ ಸ್ಲ್ಯಾಬಿನ ಮೌಲ್ಯ 3ಕ್ಕೂ ಮೇಲೆ. ಕಾರಣ ಸರಳವಾಗಿದೆ: ಕಾಂಕ್ರೀಟು ಶಾಖವನ್ನು ಚೆನ್ನಾಗಿ ಹರಿಯಬಿಡುವ ವಸ್ತು, 150 ಮಿ.ಮೀ. ಕಾಂಕ್ರೀಟಿನ ಶಾಖ ಪ್ರತಿರೋಧ (ಇದು ಹೆಚ್ಚಿದಷ್ಟೂ ಯು-ಮೌಲ್ಯ ಇಳಿಯುತ್ತದೆ) 0.1ರಷ್ಟೂ ಇಲ್ಲ. ಅದೇ 40 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಹಲಗೆ (ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಗಟ್ಟಿ ನೊರೆಯ ಹಲಗೆ) ಒಂದೇ 1.1ರಷ್ಟು ಪ್ರತಿರೋಧ ಕೊಡುತ್ತದೆ. ಅದನ್ನು ಹಾಸಿದರೆ ಒಟ್ಟು ಯು-ಮೌಲ್ಯ 0.7ರ ಸುತ್ತ ಬಂದು ನಿಲ್ಲುತ್ತದೆ. ಒಂದೂವರೆ ಇಂಚಿನ ಹಲಗೆ ಮಾಡುವ ಕೆಲಸವನ್ನು ಕಾಂಕ್ರೀಟಿನ ದಪ್ಪದಿಂದಲೇ ಮಾಡಿಸಬೇಕೆಂದರೆ ಸ್ಲ್ಯಾಬು ಐದೂವರೆ ಅಡಿಗಿಂತ ದಪ್ಪವಾಗಬೇಕಾಗುತ್ತದೆ. ನೀರು ಸೋರದಿರಲೆಂದು ಹಾಕುವ ನಾಲ್ಕು ಇಂಚಿನ ಇಟ್ಟಿಗೆ ಚೂರಿನ ಕೋಬಾ ಬಿಸಿಯನ್ನೂ ತಡೆಯುತ್ತದೆ ಎಂದು ಹಲವು ಗುತ್ತಿಗೆದಾರರು ಹೇಳುತ್ತಾರೆ. ಸ್ವಲ್ಪ ತಡೆಯುವುದು ನಿಜ, ಆದರೆ ಅದರಿಂದ ಮೌಲ್ಯ 2ರ ಮೇಲೆಯೇ ಉಳಿಯುತ್ತದೆ.

ಹಲಗೆಯನ್ನು ಸ್ಲ್ಯಾಬಿನ ಮೇಲೆಯೇ ಹಾಸಬೇಕು, ಕೆಳಗೆ ಫಾಲ್ಸ್ ಸೀಲಿಂಗಿನೊಳಗೆ ಅಲ್ಲ. ಮೇಲೆ ಹಾಸಿದಾಗ ಕಾಂಕ್ರೀಟು ಬಿಸಿಲನ್ನೇ ಕಾಣುವುದಿಲ್ಲ, ಹಗಲು ಹಿಗ್ಗಿ ರಾತ್ರಿ ಕುಗ್ಗುವುದು ಕಡಿಮೆಯಾಗಿ ಬಿರುಕೂ ಕಡಿಮೆಯಾಗುತ್ತದೆ. ಕ್ರಮ ಹೀಗೆ: ಸ್ಲ್ಯಾಬಿನ ಮೇಲೆ ಜಲನಿರೋಧಕ ಲೇಪ, ಅದರ ಮೇಲೆ ಹಲಗೆ, ಅದರ ಮೇಲೆ ಜಾಳಿಗೆ ಇಟ್ಟು ಎರಡು ಇಂಚಿನ ಕಾಂಕ್ರೀಟು, ಕೊನೆಗೆ ಬಿಳಿಯ ಹೆಂಚು ಅಥವಾ ಒಡೆದ ಪಿಂಗಾಣಿ ಚೂರಿನ ಮೊಸಾಯಿಕ್. ಹಣವಿಲ್ಲದ ವರ್ಷ ಸುಣ್ಣವನ್ನಾದರೂ ಬಳಿಯಿರಿ. ಬಿಳಿ ಮೇಲ್ಮೈ ಬಿಸಿಲಿನ ದೊಡ್ಡ ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ನಿಮ್ಮ ಕಡೆಯ ಧೂಳಿಗೆ ಅದು ಬೇಗ ಮಾಸುತ್ತದೆ ಎಂಬುದೊಂದೇ ತೊಂದರೆ, ಪ್ರತಿ ಬೇಸಿಗೆಯ ಮೊದಲು ತೊಳೆಯಬೇಕಾಗುತ್ತದೆ ಇಲ್ಲವೇ ಮತ್ತೆ ಬಳಿಯಬೇಕಾಗುತ್ತದೆ.

ಇಲ್ಲಿ ನಿಮ್ಮೂರಿನ ಹಳೆಯ ಮಾಳಿಗೆ ಮನೆಗಳ ನೆನಪು ನಿಮಗೆ ಬರಬಹುದು. ಎರಡು ಅಡಿ ದಪ್ಪದ ಕಲ್ಲುಗೋಡೆ, ಮರದ ತೊಲೆಗಳ ಮೇಲೆ ದಪ್ಪ ಮಣ್ಣು, ನಡುವೆ ಒಂದು ಬೆಳಕಿಂಡಿ. ಅವು ತಂಪಾಗಿರುವುದಕ್ಕೆ ಮುಖ್ಯ ಕಾರಣ, ಅಷ್ಟು ದೊಡ್ಡ ರಾಶಿ ಬಿಸಿಯಾಗುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ ಎಂಬುದು. ಆರ್‌ಇಟಿವಿ ಸೂತ್ರದಲ್ಲಿ ಈ ವಿಳಂಬಕ್ಕೆ ಪ್ರತ್ಯೇಕವಾದ ಅಂಕವಿಲ್ಲ. ಅದು ಸಂಹಿತೆಯ ಒಂದು ಕೊರತೆ ಎಂದೇ ನಾನು ತಿಳಿದಿದ್ದೇನೆ. ಹಾಗೆಂದು ಶಹಾಬಾದ್ ಕಲ್ಲಿನ ಫರ್ಸಿಯನ್ನು ಹೊರಗೋಡೆಗೆ ಅಂಟಿಸಿದರೆ ಹಳೆಯ ಮನೆಯ ತಂಪು ಬರುತ್ತದೆ ಎಂದು ನಂಬಬೇಡಿ, ಒಂದು ಇಂಚಿನ ಕಲ್ಲಿಗೆ ಆ ಶಕ್ತಿಯಿಲ್ಲ. ಮಣ್ಣಿನ ಬ್ಲಾಕಿನ ವಿಷಯದಲ್ಲಿಯೂ ಇಂಥದೇ ಗೊಂದಲವಿದೆ. ಸಿಮೆಂಟು ಸೇರಿಸಿ ಒತ್ತಿ ಮಾಡಿದ ಮಣ್ಣಿನ ಬ್ಲಾಕನ್ನು ಸುಡುವುದಿಲ್ಲವಾದ್ದರಿಂದ ತಯಾರಿಕೆಯಲ್ಲಿ ಇಂಧನ ಉಳಿಯುತ್ತದೆ. ಬಿಸಿ ತಡೆಯುವುದರಲ್ಲಿ ಅದು ಎಎಸಿಯ ಹತ್ತಿರಕ್ಕೂ ಬರುವುದಿಲ್ಲ.

ಎಎಸಿ ಆರಿಸಿಕೊಂಡರೆ ಗೌಂಡಿಯ ಮೇಲೆ ಒಂದು ಕಣ್ಣಿರಲಿ. ನಾನು ಉಸ್ತುವಾರಿ ನೋಡಿದ ಮೊದಲ ಎಎಸಿ ಮನೆಯಲ್ಲಿ ಮಾಮೂಲು ಸಿಮೆಂಟು ಗಾರೆಯನ್ನೇ ಮುಕ್ಕಾಲು ಇಂಚು ದಪ್ಪಕ್ಕೆ ಹಾಕಿ ಕಟ್ಟಲು ಬಿಟ್ಟೆ. ಒಣ ಬ್ಲಾಕು ಗಾರೆಯ ನೀರನ್ನೆಲ್ಲ ಹೀರಿಕೊಂಡಿತು, ಮೊದಲ ಬೇಸಿಗೆಗೇ ಗೋಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಮೂಡಿತು. ತಪ್ಪು ನನ್ನದೇ. ಎಎಸಿಗೆಂದೇ ಬರುವ ಅಂಟನ್ನು ಮೂರು ಮಿ.ಮೀ. ತೆಳುವಾಗಿ ಬಳಸಬೇಕು, ಬ್ಲಾಕು ಕಂಬಕ್ಕೂ ತೊಲೆಗೂ ಸೇರುವಲ್ಲಿ ಗಾರೆಯ ಒಳಗೆ ಜಾಳಿಗೆ ಹಾಕಬೇಕು.

ಕಿಟಕಿಯ ವಿಷಯದಲ್ಲಿ ಎರಡು ಮಾತು. ದಕ್ಷಿಣದ ಬಿಸಿಲನ್ನು ಎರಡು ಅಡಿಯ ಸಜ್ಜಾ ತಡೆಯುತ್ತದೆ. ಪಶ್ಚಿಮದ ಬಿಸಿಲು ಇಳಿಬಿಸಿಲಾದ್ದರಿಂದ ಸಜ್ಜಾದ ಕೆಳಗಿನಿಂದ ನುಗ್ಗುತ್ತದೆ. ಅಲ್ಲಿ ಜಾಲಿ, ನೆಟ್ಟಗಿನ ಫಿನ್ (ಕಿಟಕಿಯ ಬದಿಗೆ ನಿಲ್ಲಿಸುವ ತಡೆಪಟ್ಟಿ) ಅಥವಾ ಹೊರಗಿನ ಬಾಗಿಲು ಬೇಕು, ಎಲ್ಲಕ್ಕಿಂತ ಒಳ್ಳೆಯದು ಆ ಬದಿಗೆ ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮುಗಳನ್ನು ಇಡುವುದು. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆಯೇ ಹೊರತು ಗಾಜು ದಾಟಿ ಆಗಲೇ ಒಳಬಂದ ಬಿಸಿಯನ್ನಲ್ಲ. ಇನ್ನು ಗಾಳಿ: ಮನೆಯ ಒಳವಿಸ್ತೀರ್ಣದ ಇಂತಿಷ್ಟು ಭಾಗ ತೆರೆಯುವಂತಿರಬೇಕು ಎನ್ನುತ್ತದೆ ಸಂಹಿತೆ, ಬಿಸಿ-ಶುಷ್ಕ ವಲಯದಲ್ಲಿ ಶೇ. 10, ಬಿಸಿ-ಆರ್ದ್ರ ವಲಯದಲ್ಲಿ ಶೇ. 16.66. ಇಲ್ಲಿ ಎಣಿಕೆಗೆ ಬರುವುದು ಕಿಟಕಿಯ ಅಳತೆಯಲ್ಲ, ನಿಜವಾಗಿ ತೆರೆಯುವ ಭಾಗ. ನಾಲ್ಕಡಿ ಚೌಕದ ಎರಡು ಹಳಿಯ ಯುಪಿವಿಸಿ ಸ್ಲೈಡಿಂಗ್ ಕಿಟಕಿ 16 ಚದರ ಅಡಿ ಇದ್ದರೂ ತೆರೆಯುವುದು 8 ಮಾತ್ರ. 800 ಚದರ ಅಡಿ ಒಳವಿಸ್ತೀರ್ಣಕ್ಕೆ 80 ಚದರ ಅಡಿ ಬೇಕೆಂದಾಗ ಅಂಥ ಕಿಟಕಿಗಳು ಹತ್ತು ಬೇಕು. ಹಳೆಯ ಕಾಲದ ಕದದ ಕಿಟಕಿಗಳಾದರೆ ಐದೇ ಸಾಕು.

ಫ್ಯಾನು, ಎಸಿಗಳನ್ನು ನಂತರವೂ ಬದಲಾಯಿಸಬಹುದು, ಅದರ ಚರ್ಚೆ ಈಗ ಬೇಡ. ತಾರಸಿಯನ್ನು ಹಾಗೆ ಬದಲಾಯಿಸಲಾಗುವುದಿಲ್ಲ. ಈ ವರ್ಷ ಹಲಗೆ ಹಾಸಲು ಹಣ ಸಾಲದಿದ್ದರೂ ಸ್ಲ್ಯಾಬು ಹಾಕುವ ಮೊದಲೇ ನಿಮ್ಮ ಎಂಜಿನಿಯರಿಗೆ ತಿಳಿಸಿ. ಮುಂದೆ ಅದರ ಮೇಲೆ ಐದು ಇಂಚಿನಷ್ಟು ಪದರ ಏರುತ್ತದೆ. ಆದ್ದರಿಂದ ತಾರಸಿಯ ಬಾಗಿಲಿನ ಹೊಸ್ತಿಲು, ಮೆಟ್ಟಿಲಿನ ಕೊನೆಯ ಹಂತ, ಮಳೆನೀರು ಹೋಗುವ ಕೊಳವೆಯ ಬಾಯಿ ಮತ್ತು ಪ್ಯಾರಾಪೆಟ್ಟಿನ ಎತ್ತರ, ಈ ನಾಲ್ಕನ್ನೂ ಆ ಲೆಕ್ಕದಲ್ಲಿಯೇ ಗುರುತು ಹಾಕಿಸಿ.