ಪರದೆಯ ಚುಕ್ಕಿಗಳಿಗೆ 12 ಸಾವಿರ ಹೆಚ್ಚು ಕೊಡಬೇಕೆ?

ಪ್ರಶ್ನೆ: ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿಯಾಗಿದ್ದೇನೆ. ಹಳೆಯ ಲ್ಯಾಪ್‌ಟಾಪ್ ಕೆಟ್ಟಿರುವುದರಿಂದ ಹೊಸದನ್ನು ಕೊಳ್ಳಬೇಕಾಗಿದೆ. ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಒಂದೇ ಮಾದರಿಯ ಎರಡು 14 ಇಂಚಿನ ಲ್ಯಾಪ್‌ಟಾಪ್‌ಗಳನ್ನು ತೋರಿಸಿದರು. ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಎರಡರಲ್ಲೂ ಒಂದೇ. ಒಂದರ ಪರದೆ 1920×1200 ಚುಕ್ಕಿಗಳದು, ಹೊಳಪಿಲ್ಲದ ಮ್ಯಾಟ್ ಮೇಲ್ಮೈ; ಇನ್ನೊಂದು 2880×1800ರ ಒಎಲ್‌ಇಡಿ ಪರದೆ, ಗಾಜಿನಂತೆ ಹೊಳೆಯುತ್ತದೆ. ಎರಡನೆಯದಕ್ಕೆ 12 ಸಾವಿರ ರೂಪಾಯಿ ಹೆಚ್ಚು. ಪ್ರಶ್ನೆಪತ್ರಿಕೆ ಮತ್ತು ಟಿಪ್ಪಣಿಗಳನ್ನು ಟೈಪ್ ಮಾಡುವುದು, ಶಾಲೆಯ ವಾರ್ಷಿಕ ಸಂಚಿಕೆಯ ಪುಟ ಜೋಡಿಸುವುದು, ರಾತ್ರಿ ಹೊತ್ತು ಪರಿಚಿತರ ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುವುದು, ಇವಿಷ್ಟು ನನ್ನ ಕೆಲಸ. ವಯಸ್ಸು 48, ಓದುವ ಕನ್ನಡಕವಿದೆ. ಎರಡನೆಯ ಪರದೆ ಕಣ್ಣಿಗೆ ಹಿತವಾಗಿತ್ತು, ನಿಜ. ಆದರೆ ಅಷ್ಟು ಹಣಕ್ಕೆ ತಕ್ಕ ಪ್ರಯೋಜನವಿದೆಯೇ?

ಉತ್ತರ: ನೀವು ತಿಳಿಸಿರುವ ಕೆಲಸಗಳಲ್ಲಿ ಕರಡು ತಿದ್ದುವುದೊಂದನ್ನು ಬಿಟ್ಟರೆ ಉಳಿದ ಯಾವುದಕ್ಕೂ ಎರಡನೆಯ ಪರದೆಯ ಅಗತ್ಯವಿಲ್ಲ. ಕರಡಿನ ಮಟ್ಟಿಗಾದರೂ ಅದು ಬೇಕೇ ಎಂಬುದು ನೀವು ಪರದೆಯಿಂದ ಎಷ್ಟು ದೂರ ಕುಳಿತು ಓದುತ್ತೀರಿ ಎಂಬುದರ ಮೇಲೆ ನಿಂತಿದೆ. ಅಂಗಡಿಯವರು ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ, ಒಟ್ಟು ಸಂಖ್ಯೆಯನ್ನು ಹೇಳುತ್ತಾರೆ. ಮೊದಲನೆಯದರಲ್ಲಿ ಸುಮಾರು 23 ಲಕ್ಷ, ಎರಡನೆಯದರಲ್ಲಿ ಸುಮಾರು 52 ಲಕ್ಷ ಎಂದು ಕೇಳಿದೊಡನೆ ಎರಡು ಪಟ್ಟಿಗೂ ಹೆಚ್ಚಿನ ಲಾಭವಾದಂತೆ ಅನ್ನಿಸುವುದು ಸಹಜ. ಕಣ್ಣಿನ ಲೆಕ್ಕವೇ ಬೇರೆ.

ನೇತ್ರವೈದ್ಯರು 6/6 ಎಂದು ಬರೆಯುವ ದೃಷ್ಟಿಯುಳ್ಳವರ ಕಣ್ಣು ಸ್ಥೂಲವಾಗಿ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ಅಂತರವನ್ನು ಬೇರ್ಪಡಿಸಿ ಕಾಣಬಲ್ಲದು. ಅದಕ್ಕಿಂತ ಒತ್ತಾಗಿರುವ ಎರಡು ಚುಕ್ಕಿಗಳು ಒಂದಾಗಿ ಕಾಣುತ್ತವೆ. ನಿಮ್ಮ ಮೊದಲನೆಯ ಪರದೆಯಲ್ಲಿ ಇಂಚಿಗೆ ಸುಮಾರು 162 ಚುಕ್ಕಿಗಳಿವೆ. ಮೇಲಿನ ಲೆಕ್ಕದಂತೆ ಸುಮಾರು 54 ಸೆಂಟಿಮೀಟರ್ ದೂರದಿಂದ ಆಚೆಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಎರಡನೆಯದರಲ್ಲಿ ಇಂಚಿಗೆ ಸುಮಾರು 243 ಚುಕ್ಕಿಗಳಿರುವುದರಿಂದ ಆ ಮಿತಿ 36 ಸೆಂಟಿಮೀಟರಿಗೆ ಇಳಿಯುತ್ತದೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಬೆನ್ನು ನೇರ ಮಾಡಿ ಕುಳಿತವರ ಕಣ್ಣು ಪರದೆಯಿಂದ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ದೂರವಿರುತ್ತದೆ. ಅಷ್ಟು ದೂರದಲ್ಲಿ ಈ ಎರಡು ಪರದೆಗಳ ನಡುವಣ ವ್ಯತ್ಯಾಸ ಬಹಳ ಕಡಿಮೆ. ಮಂಚದ ಮೇಲೆ ಕುಳಿತು ತೊಡೆಯ ಮೇಲಿಟ್ಟುಕೊಂಡರೆ, ಅಥವಾ ಓದುವ ಕನ್ನಡಕದ ಶಕ್ತಿಗೆ ತಕ್ಕಂತೆ ಮುಂದಕ್ಕೆ ಬಾಗಿ 40 ಸೆಂಟಿಮೀಟರಿನಿಂದ ನೋಡಿದರೆ, ವ್ಯತ್ಯಾಸ ತಿಳಿಯುತ್ತದೆ. ಅಕ್ಷರದ ಅಂಚಿನ ಒರಟುತನವನ್ನು ಗುರುತಿಸುವಲ್ಲಿ ಕಣ್ಣು ಈ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಚುರುಕು ಎಂಬುದನ್ನೂ ಹೇಳಬೇಕು. ಆದ್ದರಿಂದ 54 ಎಂಬುದನ್ನು ಗೆರೆ ಕೊರೆದ ಗಡಿಯೆಂದು ಭಾವಿಸಬೇಡಿ. ನಿಮ್ಮ ಕನ್ನಡಕ ಎಷ್ಟು ದೂರಕ್ಕೆ ಹೊಂದಿಸಿದ್ದು ಎಂಬುದನ್ನು ಇದೇ ಸಂದರ್ಭದಲ್ಲಿ ಕೇಳಿ ತಿಳಿದುಕೊಳ್ಳಿ. ಪುಸ್ತಕದ ದೂರಕ್ಕೆ ಹೊಂದಿಸಿದ ಕನ್ನಡಕದಲ್ಲಿ ಮೇಜಿನ ಮೇಲಿನ ಪರದೆ ಮಸುಕಾಗಿ ಕಾಣಬಹುದು, ಅದಕ್ಕೆ ಚುಕ್ಕಿಗಳನ್ನು ಎಷ್ಟು ಹೆಚ್ಚಿಸಿದರೂ ಪರಿಹಾರವಿಲ್ಲ.

ಇನ್ನು ಕರಡಿನ ವಿಚಾರ. ಇಂಗ್ಲಿಷ್ ಓದುಗರನ್ನು ಮನಸ್ಸಿನಲ್ಲಿಟ್ಟು ಹೇಳುವ ಸಲಹೆಗಳನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. 11 ಪಾಯಿಂಟ್ ಗಾತ್ರದ ಅಕ್ಷರಕ್ಕೆ, ವಿಂಡೋಸ್‌ನ ಹಿಗ್ಗಿಸುವಿಕೆ, ಅಂದರೆ ಸ್ಕೇಲಿಂಗ್, 100 ಪ್ರತಿಶತ ಇದ್ದಾಗ ಸಿಗುವುದು ಸುಮಾರು 15 ಚುಕ್ಕಿಗಳ ಎತ್ತರ. 150ಕ್ಕೆ ಇಟ್ಟರೆ 22, 200ಕ್ಕೆ ಇಟ್ಟರೆ 29. ‘ರಾಷ್ಟ್ರ’ ಎಂದು ಬರೆದರೆ ‘ಷ’, ಅದರ ಕೆಳಗೆ ‘ಟ’ದ ಒತ್ತು, ಅದರ ಜೊತೆಗೆ ‘ರ’ದ ಒತ್ತು, ಇವೆಲ್ಲ ಅಷ್ಟರೊಳಗೆ ಹೊಂದಿಕೊಳ್ಳಬೇಕು. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಇವುಗಳ ಭೇದ ಅಡಿಯ ಒಂದು ಸಣ್ಣ ಸೀಳಿನಲ್ಲಿದೆ. ‘ರ’ ಮತ್ತು ‘ಠ’ದ ಭೇದ ನಡುವಿನ ಒಂದು ಬಿಂದುವಿನಲ್ಲಿದೆ. 15 ಚುಕ್ಕಿಗಳಲ್ಲಿ ಆ ಸೀಳು ಕೆಲವೊಮ್ಮೆ ಬೂದು ಬಣ್ಣದ ಕಲೆಯಾಗಿಬಿಡುತ್ತದೆ. ಅಲ್ಪಪ್ರಾಣ–ಮಹಾಪ್ರಾಣಗಳ ತಪ್ಪು ಕರಡಿನಲ್ಲಿ ಎಷ್ಟು ಸಲ ಕಣ್ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೀಗಾಗಿ ಕನ್ನಡದ ಕರಡು ತಿದ್ದುವವರಿಗೆ ಒತ್ತಾದ ಚುಕ್ಕಿಗಳಿಂದ ಆಗುವ ಉಪಕಾರ ಇಂಗ್ಲಿಷ್‌ನವರಿಗಿಂತ ಹೆಚ್ಚು ಎಂದೇ ನನ್ನ ಅಭಿಪ್ರಾಯ. ಹಾಗಿದ್ದರೂ ಕಂಟ್ರೋಲ್ ಕೀಲಿಯನ್ನು ಒತ್ತಿ ಮೌಸ್‌ನ ಚಕ್ರ ತಿರುಗಿಸಿದರೆ ಪುಟ 150 ಪ್ರತಿಶತಕ್ಕೆ ದೊಡ್ಡದಾಗುತ್ತದೆ, ಸೀಳು ತಾನಾಗಿ ತೆರೆದುಕೊಳ್ಳುತ್ತದೆ, ಅದಕ್ಕೆ ಖರ್ಚಿಲ್ಲ. ಪೂರ್ತಿ ಪುಟ ಒಂದೇ ನೋಟಕ್ಕೆ ಸಿಗದಿರುವುದಷ್ಟೇ ಅದರ ಕೊರತೆ.

ಟೈಪ್ ಮಾಡುವುದಕ್ಕೂ ಪುಟ ಜೋಡಿಸುವುದಕ್ಕೂ ಈ ಚರ್ಚೆ ಹೆಚ್ಚು ಅನ್ವಯಿಸುವುದಿಲ್ಲ. ಪ್ರಶ್ನೆಪತ್ರಿಕೆಯ ಅಕ್ಷರಗಳು ಮುದ್ರಣದಲ್ಲಿ ಎಷ್ಟು ಸ್ಫುಟವಾಗಿ ಬರುತ್ತವೆ ಎಂಬುದು ಪ್ರಿಂಟರ್ ಮತ್ತು ಫಾಂಟ್‌ಗೆ ಸೇರಿದ್ದು; ಪರದೆಗೂ ಅದಕ್ಕೂ ಸಂಬಂಧವಿಲ್ಲ.

ಹೆಚ್ಚು ಚುಕ್ಕಿಗಳಿದ್ದರೆ ಹೆಚ್ಚು ಸಾಲುಗಳು ಕಾಣುತ್ತವೆ ಎಂದು ಅಂಗಡಿಯವರು ಹೇಳಿರಬಹುದು. ಅದು ಅರ್ಧ ನಿಜ. 2880×1800ರ ಪರದೆಯನ್ನು ವಿಂಡೋಸ್ ಸಾಮಾನ್ಯವಾಗಿ 200 ಪ್ರತಿಶತಕ್ಕೆ ಹಿಗ್ಗಿಸಿ ತೋರಿಸುತ್ತದೆ. ಆಗ ಕೆಲಸಕ್ಕೆ ಸಿಗುವ ಜಾಗ 1440×900ಕ್ಕೆ ಸಮ. ಮೊದಲನೆಯದನ್ನು 125 ಪ್ರತಿಶತಕ್ಕೆ ಇಟ್ಟುಕೊಂಡರೆ 1536×960ರಷ್ಟು ಜಾಗ ಸಿಗುತ್ತದೆ, ಅಂದರೆ ಸ್ವಲ್ಪ ಹೆಚ್ಚೇ. ಹೆಚ್ಚುವರಿ ಚುಕ್ಕಿಗಳನ್ನು ಅಕ್ಷರದ ನಯಕ್ಕೆ ಬಳಸಬಹುದು, ಇಲ್ಲವೇ ಜಾಗಕ್ಕೆ ಬಳಸಬಹುದು. ಎರಡಕ್ಕೂ ಪೂರ್ತಿಯಾಗಿ ಬಳಸಲು ಬರುವುದಿಲ್ಲ. ಜಾಗಕ್ಕಾಗಿ ಬಳಸಹೊರಟರೆ 14 ಇಂಚಿನಲ್ಲಿ ಅಕ್ಷರಗಳು 48ರ ಕಣ್ಣಿಗೆ ತೀರ ಚಿಕ್ಕದಾಗುತ್ತವೆ.

ಅಂಗಡಿಯಲ್ಲಿ ನಿಮ್ಮನ್ನು ಸೆಳೆದದ್ದು ಬಹುಮಟ್ಟಿಗೆ ಚುಕ್ಕಿಗಳ ಸಂಖ್ಯೆಯಲ್ಲ ಎಂದು ನನ್ನ ಊಹೆ. ಒಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುವುದರಿಂದ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ, ಬಣ್ಣಗಳು ಗಾಢವಾಗಿರುತ್ತವೆ. ಪ್ರದರ್ಶನಕ್ಕೆಂದು ಹಾಕಿಡುವ ಹೂವು, ಹಣ್ಣು, ಹಕ್ಕಿಗಳ ವಿಡಿಯೊಗಳು ಈ ಗುಣವನ್ನು ಎತ್ತಿ ತೋರಿಸಲೆಂದೇ ಆಯ್ದವು. ನಿಮ್ಮ ಕೆಲಸವಾದರೋ ಬಿಳಿ ಪುಟದ ಮೇಲಿನ ಕಪ್ಪು ಅಕ್ಷರ. ಬಿಳಿ ಪುಟ ತೆರೆದಾಗಲೇ ಒಎಲ್‌ಇಡಿ ಹೆಚ್ಚು ವಿದ್ಯುತ್ ಬಳಸುತ್ತದೆ. ಮಧ್ಯಾಹ್ನ ಕರೆಂಟ್ ಹೋದಾಗ ಬ್ಯಾಟರಿಯನ್ನೇ ನಂಬಿ ಕೆಲಸ ಮುಗಿಸಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ. ಹೊಳೆಯುವ ಮೇಲ್ಮೈಯಲ್ಲಿ ಹಿಂದಿನ ಕಿಟಕಿ, ಮೇಲಿನ ಟ್ಯೂಬ್‌ಲೈಟ್ ಪ್ರತಿಫಲಿಸುತ್ತವೆ. ಬೆಳಕನ್ನು ತಗ್ಗಿಸಿದಾಗ ಕೆಲವು ಒಎಲ್‌ಇಡಿ ಪರದೆಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿನುಗುತ್ತವೆ, ಅದರಿಂದ ತಲೆನೋವು ಬರುವವರೂ ಇದ್ದಾರೆ. ರಾತ್ರಿ ಕರಡು ತಿದ್ದುವವರು ಇದನ್ನು ಪರೀಕ್ಷಿಸಿಯೇ ಕೊಳ್ಳಬೇಕು.

ಆದ್ದರಿಂದ ಮತ್ತೊಮ್ಮೆ ಅಂಗಡಿಗೆ ಹೋಗಿ. ಪೆನ್‌ಡ್ರೈವ್‌ನಲ್ಲಿ ನೀವು ತಿದ್ದಬೇಕಾದ ಒಂದು ಪುಟವನ್ನು ಪಿಡಿಎಫ್ ರೂಪದಲ್ಲಿ ಒಯ್ಯಿರಿ. ಪ್ರದರ್ಶನದ ವಿಡಿಯೊ ನಿಲ್ಲಿಸಲು ಹೇಳಿ, ಎರಡೂ ಪರದೆಗಳ ಬೆಳಕನ್ನು ಸಮನಾಗಿಸಿ, ಅಕ್ಷರದ ಎತ್ತರ ಎರಡರಲ್ಲೂ ಒಂದೇ ಇರುವಂತೆ ಪುಟವನ್ನು ಹೊಂದಿಸಿ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕುಳಿತು ಒಂದೊಂದರಲ್ಲಿ ಒಂದು ಪುಟ ತಿದ್ದಿ ನೋಡಿ. ನಿಂತುಕೊಂಡು, ಬಾಗಿ ನೋಡುವುದರಿಂದ ಏನೂ ತಿಳಿಯದು. ಅದೇ ಸಮಯದಲ್ಲಿ ಮೊದಲನೆಯ ಪರದೆಯ ಬೆಳಕಿನ ಅಳತೆ ಕನಿಷ್ಠ 300 ನಿಟ್ಸ್ ಇದೆಯೇ, ಅದು ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ವ್ಯಾಪ್ತಿಯ ಬಣ್ಣಗಳನ್ನು ಪೂರ್ತಿಯಾಗಿ ತೋರಿಸುತ್ತದೆಯೇ ಎಂದು ವಿಚಾರಿಸಿ. ಅಗ್ಗದ ಪರದೆಗಳು 250 ನಿಟ್ಸ್‌ಗೆ ನಿಂತುಬಿಡುತ್ತವೆ, ಸಂಚಿಕೆಯ ಛಾಯಾಚಿತ್ರಗಳು ಅವುಗಳಲ್ಲಿ ಪೇಲವವಾಗಿ ಕಾಣುತ್ತವೆ. ನನ್ನನ್ನು ಕೇಳಿದರೆ, ಚುಕ್ಕಿಗಳಿಗಿಂತ ಮೊದಲು ಹಣ ಕೊಡಬೇಕಾದದ್ದು ಈ ಎರಡು ಗುಣಗಳಿಗೆ.

ಕರಡು ತಿದ್ದುವುದು ವಾರಕ್ಕೆ ಒಂದೆರಡು ರಾತ್ರಿಯ ಮಾತಾದರೆ ಮೊದಲನೆಯದನ್ನೇ ಕೊಳ್ಳಿ. ಉಳಿದ 12 ಸಾವಿರದೊಳಗೆ 24 ಇಂಚಿನ ಫುಲ್ ಎಚ್‌ಡಿ, ಅಂದರೆ 1920×1080ರ, ಮಾನಿಟರ್ ಒಂದು ಬರುತ್ತದೆ. ಅದರಲ್ಲಿ ಇಂಚಿಗೆ ಸುಮಾರು 92 ಚುಕ್ಕಿಗಳಷ್ಟೇ ಇರುವುದರಿಂದ ಅಂಚಿನ ನಯ ಕಡಿಮೆಯೇ. ಆದರೆ ಪುಟ ಹೆಚ್ಚು ದೊಡ್ಡದಾಗಿ, ಕಣ್ಣಿನ ಮಟ್ಟದಲ್ಲಿ ನಿಲ್ಲುತ್ತದೆ, ಕತ್ತು ಬಗ್ಗಿಸಬೇಕಾಗಿಲ್ಲ. ಕರಡು ತಿದ್ದುವುದೇ ನಿತ್ಯದ ಸಂಪಾದನೆಯಾಗಿ, ಲ್ಯಾಪ್‌ಟಾಪನ್ನು ಎಲ್ಲೆಂದರಲ್ಲಿ ಒಯ್ದು ಹತ್ತಿರದಿಂದ ಓದಬೇಕಾದ ಸ್ಥಿತಿಯಿದ್ದರೆ ಮಾತ್ರ ಎರಡನೆಯದು ಸರಿ. ಆಗಲೂ ಅಷ್ಟೇ ಚುಕ್ಕಿಗಳುಳ್ಳ, ಒಎಲ್‌ಇಡಿಯಲ್ಲದ ಮ್ಯಾಟ್ ಪರದೆಯ ಮಾದರಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ಮುಳಬಾಗಿಲಿನಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. 15.6 ಇಂಚಿನ 4ಕೆ ಲ್ಯಾಪ್‌ಟಾಪನ್ನು ಕೊಂಡಾಗಿದೆ. ಬ್ರೌಸರ್‌ನಲ್ಲಿ ಅಕ್ಷರಗಳು ಬಹಳ ಸ್ಪಷ್ಟ. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ ತೆರೆದರೆ ಎಲ್ಲವೂ ಮಸುಕು. ಪರದೆಯ ದೋಷವೇ?

ಉತ್ತರ: ಪರದೆಯಲ್ಲಿ ದೋಷವಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಪರದೆಯಲ್ಲಿ ಇಂಚಿಗೆ 96 ಚುಕ್ಕಿಗಳಿರುತ್ತವೆ ಎಂಬ ಎಣಿಕೆಯ ಮೇಲೆ ತಯಾರಾದ ತಂತ್ರಾಂಶ ಅದು. ನಿಮ್ಮ ಪರದೆಯಲ್ಲಿ ಇಂಚಿಗೆ 282 ಚುಕ್ಕಿಗಳಿವೆ. ವಿಂಡೋಸ್ ಆ ತಂತ್ರಾಂಶದ ಕಿಟಕಿಯನ್ನು ಚಿತ್ರದಂತೆ ಎಳೆದು ಹಿಗ್ಗಿಸುವುದರಿಂದ ಮಸುಕು ಉಂಟಾಗುತ್ತದೆ. ಪೇಜ್‌ಮೇಕರ್‌ನ ಐಕಾನ್ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಹೈ ಡಿಪಿಐ ಆಯ್ಕೆಯನ್ನು ತೆರೆದು, ‘ಸಿಸ್ಟಮ್ ಎನ್‌ಹ್ಯಾನ್ಸ್ಡ್’ ಎಂಬುದನ್ನು ಪ್ರಯತ್ನಿಸಿ. ಕೆಲವು ತಂತ್ರಾಂಶಗಳಲ್ಲಿ ಇದರಿಂದ ಮಸುಕು ಕಡಿಮೆಯಾಗುತ್ತದೆ. ಆಗದಿದ್ದರೆ ಪೇಜ್‌ಮೇಕರ್‌ನಲ್ಲಿ ಕೆಲಸ ಮಾಡುವಷ್ಟು ಹೊತ್ತು ಇಡೀ ಪರದೆಯನ್ನು 1920×1080ಕ್ಕೆ ಇಳಿಸಿ, ಸ್ಕೇಲಿಂಗನ್ನು 100ಕ್ಕೆ ಇಡಿ. ನಿಮ್ಮ 4ಕೆ ಪರದೆಯ 3840×2160 ಎಂಬುದು ಉದ್ದಗಲಗಳಲ್ಲಿ ಅದರ ಸರಿಯಾಗಿ ಎರಡರಷ್ಟಾದ್ದರಿಂದ ಒಂದು ಚುಕ್ಕಿಯ ಜಾಗಕ್ಕೆ ನಾಲ್ಕು ಹೊಂದಿಕೊಂಡು, ಬೇರೆ ಅಳತೆಗಳಿಗಿಂತ ಕಡಿಮೆ ಮಸುಕು ಕಾಣುತ್ತದೆ. ಆ ಹೊತ್ತಿನಲ್ಲಿ ನೀವು ಹೆಚ್ಚು ಕೊಟ್ಟ ಹಣ ಸುಮ್ಮನೆ ಮಲಗಿರುತ್ತದೆ ಎಂಬುದಂತೂ ನಿಜ.

ಪ್ರಶ್ನೆ: ನನ್ನ 15.6 ಇಂಚಿನ ಹಳೆಯ ಲ್ಯಾಪ್‌ಟಾಪಿನ ಪರದೆ 1366×768ರದು. ಸೆಟ್ಟಿಂಗ್ಸ್‌ನಲ್ಲಿ ಇದನ್ನು ಫುಲ್ ಎಚ್‌ಡಿಗೆ ಏರಿಸಬಹುದೇ? (ವಿದ್ಯಾರ್ಥಿ, ಚಿಂತಾಮಣಿ)

ಉತ್ತರ: ಸಾಧ್ಯವಿಲ್ಲ. ಚುಕ್ಕಿಗಳ ಸಂಖ್ಯೆ ಪರದೆ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇಳಿಸಬಹುದೇ ಹೊರತು ಏರಿಸಲಾಗದು. ಕೆಲವು ಮಾದರಿಗಳಲ್ಲಿ ಪರದೆಯನ್ನೇ ಫುಲ್ ಎಚ್‌ಡಿಯದಕ್ಕೆ ಬದಲಿಸಲು ಬರುತ್ತದೆ. ಒಳಗಿನ ಕೇಬಲ್ ಮತ್ತು ಮದರ್‌ಬೋರ್ಡ್ ಅದಕ್ಕೆ ಒಪ್ಪುತ್ತವೆಯೇ ಎಂಬುದನ್ನು, ಹಳೆಯ ಪರದೆಯ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆಯನ್ನು ನೋಡಿ ರಿಪೇರಿಯವರು ಹೇಳಬಲ್ಲರು. ಇಂಚಿಗೆ 100 ಚುಕ್ಕಿಗಳಿಂದ 141ಕ್ಕೆ ಹೋಗುವ ಈ ಬದಲಾವಣೆ ಯಾರ ಕಣ್ಣಿಗಾದರೂ ತಿಳಿಯುತ್ತದೆ. ಪರದೆಗೆ ಹೆಚ್ಚು ಹಣ ಕೊಡುವುದು ಸಂದೇಹವಿಲ್ಲದೆ ಸಾರ್ಥಕವಾಗುವುದು ಈ ಹಂತದಲ್ಲಿ. ಹೊಸ ಪರದೆ ಒಪ್ಪದಿದ್ದರೆ ಎಚ್‌ಡಿಎಂಐ ಕೇಬಲಿನಿಂದ ಹೊರಗಿನ ಮಾನಿಟರ್ ಜೋಡಿಸಿಕೊಳ್ಳಿ.