ಓದುಗರ ಪ್ರಶ್ನೆ: ಹವಾಮಾನ ಸತ್ಯಾಗ್ರಹಕ್ಕೆ ಕೂರುವ ಮುನ್ನ

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಹವಾಮಾನ ತಂಡ ಅನುಮತಿ ಇಲ್ಲದೆಯೇ ರಸ್ತೆಯಲ್ಲಿ ಕೂರಲು ತೀರ್ಮಾನಿಸಿದೆ. ಕೇಸಾದರೆ ಪಾಸ್‌ಪೋರ್ಟ್, ಸರ್ಕಾರಿ ಕೆಲಸ ಎರಡೂ ಹೋಯಿತು ಎನ್ನುತ್ತಾರೆ ಮನೆಯವರು. ನಿಜವೇ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ಅರ್ಧ ನಿಜ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಬೇರೆಡೆ ಕೂತವರನ್ನು ಪೊಲೀಸರು ಸಾಮಾನ್ಯವಾಗಿ ಬಸ್ಸಿಗೆ ಹತ್ತಿಸಿ, ಠಾಣೆಗೋ ಮೈದಾನಕ್ಕೋ ಒಯ್ದು, ಹೆಸರು ವಿಳಾಸ ಬರೆದುಕೊಂಡು ಸಂಜೆ ಬಿಡುತ್ತಾರೆ. ಎಫ್‌ಐಆರ್ ಆದರೆ ಯಾವ ಸೆಕ್ಷನ್ ಹಾಕಿದ್ದಾರೆ ನೋಡಿ. ಭಾರತೀಯ ನ್ಯಾಯ ಸಂಹಿತೆಯ 223 (ಹಿಂದಿನ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 188) ನಿಷೇಧಾಜ್ಞೆ ಮುರಿದದ್ದಕ್ಕೆ, 189 ಅಕ್ರಮ ಕೂಟಕ್ಕೆ. ಇವುಗಳಿಗೆ ಠಾಣೆಯಲ್ಲೇ ಜಾಮೀನು ಸಿಗಬೇಕು. 223ಕ್ಕೆ ಇನ್ನೊಂದು ತೊಡಕಿದೆ: ಸಂಬಂಧಪಟ್ಟ ಅಧಿಕಾರಿಯೋ ಆತನ ಮೇಲಧಿಕಾರಿಯೋ ಲಿಖಿತ ದೂರು ಕೊಡದೆ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಬರೀ ಪೊಲೀಸ್ ಚಾರ್ಜ್‌ಶೀಟ್ ನಂಬಿಕೊಂಡ ಎಷ್ಟೋ ಪ್ರಕರಣಗಳು ಹೈಕೋರ್ಟುಗಳಲ್ಲಿ ರದ್ದಾಗಿರುವುದು ಇದರಿಂದಲೇ. 189ಕ್ಕೆ ಈ ರಕ್ಷಣೆ ಇಲ್ಲ. ಬಸ್ಸಿನ ಗಾಜು ಒಡೆದರಂತೂ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಬರುತ್ತದೆ, ಐದು ವರ್ಷದವರೆಗೂ ಶಿಕ್ಷೆ. ಕಲ್ಲು ಎಸೆದವನು ಒಬ್ಬನೇ ಆದರೂ ಪಕ್ಕದಲ್ಲಿ ಕೂತವರ ಹೆಸರೂ ಸೇರಿಕೊಳ್ಳುತ್ತದೆ.

ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಅಡ್ಡ ಬರುವುದು ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದ್ದಾಗ, ಬರೀ ಎಫ್‌ಐಆರ್‌ಗಲ್ಲ. ಬಾಕಿ ಇದ್ದರೂ ಆ ನ್ಯಾಯಾಲಯದ ಅನುಮತಿ ತಂದರೆ 1993ರ ಅಧಿಸೂಚನೆಯಂತೆ ಸೀಮಿತ ಅವಧಿಯ ಪಾಸ್‌ಪೋರ್ಟ್ ಸಿಗುತ್ತದೆ. ಅವಧಿ ಹೇಳಿರದಿದ್ದರೆ ಒಂದು ವರ್ಷ. ನೌಕರಿಯಲ್ಲಿ ಪೆಟ್ಟು ಕೊಡುವುದು ಹೆಚ್ಚಾಗಿ ಕೇಸಲ್ಲ, ಕೇಸನ್ನು ಮುಚ್ಚಿಟ್ಟದ್ದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಇಲಾಖೆ ತನ್ನ ವಿವೇಚನೆಯಿಂದ ಕಡೆಗಣಿಸಬಹುದು ಎಂದಿದೆ. ‘ಬಹುದು’ ಅಷ್ಟೇ. ಅರ್ಜಿಯಲ್ಲಿ ಕೇಳಿದ್ದನ್ನು ಬರೆದುಬಿಡಿ.

ಎಡವುವುದು ಎರಡು ಕಡೆ. ಸಮನ್ಸ್ ಹಳೆಯ ಹಾಸ್ಟೆಲ್ ವಿಳಾಸಕ್ಕೆ ಹೋಗಿ, ನೀವು ವಾಯಿದೆಗೆ ಬಾರದೆ ವಾರಂಟ್ ಆಗುವುದು ಮೊದಲನೆಯದು. ಊರಿನ ಮನೆಯ ವಿಳಾಸ ಕೊಡಿ, ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಪ್ರತಿ ಹುಡುಕಿ ಇಳಿಸಿಕೊಳ್ಳಿ. ಎರಡನೆಯದು, ‘ಒಪ್ಕೊಂಡು ದಂಡ ಕಟ್ಬಿಡಿ, ಮುಗೀತು’ ಎಂಬ ಸಲಹೆ. ಮುಗಿಯುವುದಿಲ್ಲ: ಅದು ಅಪರಾಧ ಸಾಬೀತಾದಂತೆ. ವಕೀಲರನ್ನು ಕೇಳದೆ ತಪ್ಪೊಪ್ಪಿಗೆ ಬೇಡ. ಖಾಲಿ ಹಾಳೆಗಾಗಲಿ ಓದದ ಮುಚ್ಚಳಿಕೆಗಾಗಲಿ ಸಹಿ ಹಾಕಬೇಡಿ.

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿದ್ಯಾರ್ಥಿ ವೀಸಾದಲ್ಲಿದ್ದೇನೆ. ರಸ್ತೆ ತಡೆಯುವ ತಂಡವೊಂದರ ಆನ್‌ಲೈನ್ ಸಭೆಗೆ ಮಾತ್ರ ಸೇರಿದರೆ ತೊಂದರೆಯಿಲ್ಲ ತಾನೇ?
– ಮೂಲತಃ ಶಿವಮೊಗ್ಗದವರು

ಉತ್ತರ: ಇದೆ. ಲಂಡನ್ ಸುತ್ತಲಿನ ಎಂ25 ಹೆದ್ದಾರಿಯನ್ನು 2022ರ ನವೆಂಬರಿನಲ್ಲಿ ಸ್ಥಗಿತಗೊಳಿಸುವ ಸಂಚಿಗಾಗಿ ಜಸ್ಟ್ ಸ್ಟಾಪ್ ಆಯಿಲ್ ಎಂಬ ಹವಾಮಾನ ಹೋರಾಟ ತಂಡದ ಐವರಿಗೆ 2024ರ ಜುಲೈನಲ್ಲಿ ನಾಲ್ಕರಿಂದ ಐದು ವರ್ಷ ಜೈಲಾಯಿತು. ಮುಖ್ಯ ಸಾಕ್ಷ್ಯ, ಜನರನ್ನು ಸೇರಿಸಲು ನಡೆಸಿದ ಜೂಮ್ ಸಭೆ. ಮರುವರ್ಷ ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿತೇ ಹೊರತು ತೀರ್ಪು ಬದಲಾಗಲಿಲ್ಲ. ಅಲ್ಲಿ ಸಾರ್ವಜನಿಕ ಉಪದ್ರವಕ್ಕೆ ಗರಿಷ್ಠ 10 ವರ್ಷ. ಮೈಯನ್ನು ಸರಪಳಿಯಿಂದಲೋ ಅಂಟಿನಿಂದಲೋ ಬಿಗಿದುಕೊಂಡು ಕೂರುವುದೂ 2023ರಿಂದ ಪ್ರತ್ಯೇಕ ಅಪರಾಧ.

12 ತಿಂಗಳು ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ವೀಸಾ ಹೋಗುತ್ತದೆ, ಗಡೀಪಾರೂ ಆಗಬಹುದು. ಕಡಿಮೆ ಶಿಕ್ಷೆಯಾದರೂ ಮುಂದಿನ ಅರ್ಜಿಗೆ ಕುತ್ತು. ಠಾಣೆಯಲ್ಲಿ ‘ಕಾಶನ್’ (ಪೊಲೀಸರ ಅಧಿಕೃತ ಎಚ್ಚರಿಕೆ) ತಗೊಂಡು ಹೊರಡಿ ಎಂದರೆ ಒಪ್ಪಬೇಡಿ. ಅದು ತಪ್ಪೊಪ್ಪಿಗೆ, ವೀಸಾ ಅರ್ಜಿಯಲ್ಲಿ ಬರೆಯಲೇಬೇಕು. ಸಾಲಿಸಿಟರ್ (ಅಲ್ಲಿನ ವಕೀಲ) ಸಲಹೆ ಠಾಣೆಯಲ್ಲಿ ಉಚಿತ, ಅದಿಲ್ಲದೆ ಮಾತಾಡಬೇಡಿ. ಮುಂದೆ ಅಮೆರಿಕಕ್ಕೆ ಹೋಗುವ ಯೋಚನೆಯಿದ್ದರೆ, ಅವರ ವೀಸಾ ಅರ್ಜಿ ಬರೀ ಬಂಧನದ ಬಗೆಗೂ ಕೇಳುತ್ತದೆ. ವಿದ್ಯಾರ್ಥಿ ವೀಸಾದಲ್ಲಿರುವವರು ಬಂಧನಕ್ಕೊಳಗಾಗುವ ಪಾತ್ರ ವಹಿಸಲೇಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ರಸ್ತೆ ತಡೆದರೆ ಬಸ್ಸಿಗೆ ಕಾಯುವ ಬಡವರೇ ಬೈಯುವುದು. ಬೇರೆ ದಾರಿಯಿಲ್ಲವೇ?
– ಶಿಕ್ಷಕಿ, ಹಾವೇರಿ

ಉತ್ತರ: ನಿಮ್ಮ ಸೀಮೆಯಲ್ಲೇ ಇದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನ ಕಾರ್ಖಾನೆಗೆಂದು ನೆಟ್ಟ ನೀಲಗಿರಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚಿದರು. ಬೇಡಿಕೆಯೇನೆಂದು ಬೇರೆ ಕರಪತ್ರ ಓದಿ ತಿಳಿಯಬೇಕಿರಲಿಲ್ಲ. ರಸ್ತೆಯನ್ನೇ ಆಯ್ದರೆ ಆಂಬುಲೆನ್ಸಿಗೆ ಒಂದು ಪಥ ಬಿಟ್ಟು, ಅದನ್ನು ತೆರವಾಗಿಡಲು ಇಬ್ಬರನ್ನು ನಿಲ್ಲಿಸಿ.

ಪ್ರಶ್ನೆ: ನನಗೆ 63, ಬಿ.ಪಿ. ಇದೆ. ಬಂಧನ ಬೇಡ, ಆದರೆ ಮನೆಯಲ್ಲೂ ಕೂರಲಾರೆ.
– ನಿವೃತ್ತ ಗುಮಾಸ್ತರು, ಮೈಸೂರು

ಉತ್ತರ: ಎಂಟರಿಂದ ಹನ್ನೆರಡು ಮಂದಿಯ ತಂಡದಲ್ಲಿ ಕೂರುವವರು ನಾಲ್ಕೈದು ಜನ ಸಾಕು; ಉಳಿದವರು ಹೊರಗಿನ ಕೆಲಸಕ್ಕೆ ಬೇಕು. ಒಬ್ಬರು ಪೊಲೀಸರ ಜೊತೆ ಮಾತಿಗೆ, ಒಬ್ಬರು ದೂರ ನಿಂತು ಸಮಯ, ಬಸ್ಸಿನ ನಂಬರು, ಯಾರ ಯಾರನ್ನು ಒಯ್ದರು ಎಂದು ಬರೆದುಕೊಳ್ಳಲು. ನಿಮಗೆ ಹೊಂದುವುದು ಮೂರನೆಯ ಕೆಲಸ: ಠಾಣೆ ಎದುರು ಕಾಯುವುದು. ಒಳಗಿರುವವರ ಪಟ್ಟಿ, ಮನೆಯವರ ಫೋನ್, ಅವರ ಮಾತ್ರೆ, ನೀರು ನಿಮ್ಮ ಬಳಿ ಇರಲಿ. ಜಾಮೀನಿಗೆ ನಿಲ್ಲುವವರ ಆಧಾರ್, ಪಹಣಿ ಅಥವಾ ಸಂಬಳದ ಚೀಟಿಯ ನಕಲನ್ನು ಹಿಂದಿನ ದಿನವೇ ಜೋಡಿಸಿಡಿ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸಲು ಹೊರಟರೆ, ವಿಶೇಷ ಸಂದರ್ಭವಿದ್ದು ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಚಿನ ಅನುಮತಿ ಪಡೆದಿರಬೇಕು ಎಂದು ನೆನಪಿಸಿ. ವಕೀಲರು ಸಿಗದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100.