ಐದೂವರೆಯೋ, ಏಳೋ?

ಓದುಗರ ಪ್ರಶ್ನೆ – ಈ ಬಾರಿ: ವಿಂಡ್‌ಸರ್ಫಿಂಗ್ ಹಾಯಿ

ಪ್ರಶ್ನೆ: ಗೋವಾದಲ್ಲಿ ಐದು ದಿನದ ಕೋರ್ಸ್ ಮುಗಿಸಿ ಬಂದಿದ್ದೇನೆ. ಹಾಯಿ ಎತ್ತಿ, ಸ್ವಲ್ಪ ದೂರ ಹೋಗಿ, ತಿರುಗಿಸಿಕೊಂಡು ದಡಕ್ಕೆ ವಾಪಸ್ ಬರಬಲ್ಲೆ. ಅಲ್ಲಿ ಕೊಟ್ಟಿದ್ದು 4.5ರ ಹಾಯಿ. ನನ್ನ ತೂಕ 72 ಕೆ.ಜಿ. ಸ್ವಂತಕ್ಕೆ ಒಂದು ಕೊಳ್ಳೋಣವೆಂದರೆ ಒಬ್ಬರು 5.5 ಅನ್ನುತ್ತಾರೆ, ಇನ್ನೊಬ್ಬರು 7 ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಕೆ. ಎಂ., ಬನಶಂಕರಿ

ಉತ್ತರ: ಎಷ್ಟು ಗಾಳಿಯಲ್ಲಿ ಓಡಿಸುತ್ತೀರಿ ಎಂದು ಇಬ್ಬರೂ ಕೇಳಿಲ್ಲ. ಹಾಯಿಯ ಮೇಲೆ ಬರೆದಿರುವ ಅಂಕಿ ಅದರ ವಿಸ್ತೀರ್ಣ, ಚದರ ಮೀಟರ್‌ನಲ್ಲಿ. ಅದನ್ನು ತೀರ್ಮಾನಿಸುವುದು ನಿಮ್ಮ ತೂಕ ಮತ್ತು ಗಾಳಿ. ಎಷ್ಟು ಕಲಿತಿದ್ದೀರಿ ಅನ್ನುವುದು ಯಾವ ಬಗೆಯ ಹಾಯಿ ಅನ್ನುವುದಕ್ಕೆ ಸಂಬಂಧಪಟ್ಟದ್ದು.

ಬೋರ್ಡ್ ನೀರನ್ನು ತಳ್ಳಿಕೊಂಡು ಹೋಗುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿದರೆ ಅದು ಪ್ಲೇನಿಂಗ್. ಅದಕ್ಕೆ ಬೇಕಾದ ಹಾಯಿಗೆ ಒಂದು ಅಂದಾಜು ಲೆಕ್ಕವಿದೆ: ತೂಕವನ್ನು 1.34ರಿಂದ ಗುಣಿಸಿ, ನಾಟ್ ಲೆಕ್ಕದ ಗಾಳಿಯ ವೇಗದಿಂದ ಭಾಗಿಸಿ. ನಿಮ್ಮ ತೂಕಕ್ಕೆ 15 ನಾಟ್‌ನಲ್ಲಿ 6.4 ಬರುತ್ತದೆ, 18ರಲ್ಲಿ 5.4, 20ರಲ್ಲಿ 4.8. ಹವಾಮಾನ ವರದಿ ಗಂಟೆಗೆ ಕಿ.ಮೀ.ನಲ್ಲಿದ್ದರೆ ಮೊದಲು 1.85ರಿಂದ ಭಾಗಿಸಿಕೊಳ್ಳಿ.

ಆದರೆ ನೀವಿನ್ನೂ ಪ್ಲೇನಿಂಗ್‌ಗೆ ಬಂದಿಲ್ಲ. ಸದ್ಯ ನಿಮ್ಮ ಅಭ್ಯಾಸ 8ರಿಂದ 12 ನಾಟ್‌ನಲ್ಲಿ, ದೊಡ್ಡ ಬೋರ್ಡ್ ಮೇಲೆ. ಏಳರ ಹಾಯಿ ನೀರಿಗೆ ಬಿದ್ದಾಗ ಅದರ ಮೇಲೆ ನಿಂತ ನೀರನ್ನೂ ಸೇರಿಸಿ ಎತ್ತಬೇಕು. ಹತ್ತು ಸಲ ಎತ್ತುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ, ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಸಲಹೆ: 6.0, ಫ್ರೀರೈಡ್ ಬಗೆ (ಸಾಮಾನ್ಯ ಓಟದ್ದು), ಐದು ಅಥವಾ ಆರು ಬ್ಯಾಟನ್‌ನದು (ಹಾಯಿಗೆ ಅಡ್ಡಲಾಗಿ ತೂರಿಸುವ ಕಡ್ಡಿಗಳು), ಕ್ಯಾಂಬರ್ (ಬ್ಯಾಟನ್ ತುದಿಯ ಪ್ಲಾಸ್ಟಿಕ್ ಕವಲು) ಇಲ್ಲದ್ದು. ಇವತ್ತು ಹಗುರ ಗಾಳಿಯಲ್ಲಿ ಕಲಿಯಲಿಕ್ಕೂ ಆಗುತ್ತದೆ, ನಾಳೆ 16 ನಾಟ್‌ನಲ್ಲಿ ಪ್ಲೇನಿಂಗ್‌ಗೂ ಆಗುತ್ತದೆ.

ಮುಂದೆ ಎರಡನೆಯದು ಕೊಳ್ಳುವಾಗ 5.5 ತರಬೇಡಿ, 5.0 ತನ್ನಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 12ರಿಂದ 17 ನಾಟ್‌ಗೆ ಏರಿದರೇ ಸಾಕು, ಎರಡು ಪಟ್ಟು. ಅರ್ಧ ಮೀಟರ್ ಇಳಿಸಿದರೆ ಆ ವ್ಯತ್ಯಾಸಕ್ಕೆ ಎಲ್ಲಿ ಸಾಲುತ್ತದೆ?

ಇನ್ನು ಮಾಸ್ಟ್, ಅಂದರೆ ಹಾಯಿಯನ್ನು ನಿಲ್ಲಿಸುವ ಕಂಬ. ಎಲ್ಲರೂ ಹಾಯಿಯ ಬಣ್ಣ ನೋಡಿ ದುಡ್ಡು ಕೊಟ್ಟು, ಮಾಸ್ಟ್ ಬಳಿ ಬಂದಾಗ ಚೌಕಾಸಿಗೆ ಇಳಿಯುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಹಾಯಿಯ ಬುಡದಲ್ಲೋ ಚೀಲದ ಮೇಲೋ ಮೂರು ಸಂಗತಿ ಅಚ್ಚಾಗಿರುತ್ತವೆ: ಲಫ್ (ಮಾಸ್ಟ್ ಕಡೆಯ ಅಂಚು) ಉದ್ದ, ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೊಳವೆ) ಉದ್ದ, ಮಾಸ್ಟ್. ಲಫ್ 446 ಸೆಂ.ಮೀ., ಮಾಸ್ಟ್ 430 ಎಂದಿದ್ದರೆ ಉಳಿದ 16 ಸೆಂ.ಮೀ. ಅನ್ನು ಮಾಸ್ಟ್ ಬುಡಕ್ಕೆ ಸೇರಿಸುವ ತುಂಡಿನಲ್ಲಿ, ಅಂದರೆ ಎಕ್ಸ್‌ಟೆನ್ಷನ್‌ನಲ್ಲಿ, ತುಂಬುವುದು. ಉದ್ದ ಹೊಂದಿದರಷ್ಟೇ ಸಾಲದು, ಬಾಗುವ ರೀತಿಯೂ ಹೊಂದಬೇಕು. ಕೆಲವು ಕಂಪನಿಯ ಮಾಸ್ಟ್‌ಗಳು ತುದಿಯಲ್ಲಿ ಹೆಚ್ಚು ಬಾಗುತ್ತವೆ, ಕೆಲವು ತುದಿಯಲ್ಲಿ ಗಡುಸು. ಹೊಂದದ ಮಾಸ್ಟ್ ಹಾಕಿದರೆ ಎಷ್ಟು ಎಳೆದರೂ ಹೋಗದ ಒಂದು ಸುಕ್ಕು ಉಳಿದುಬಿಡುತ್ತದೆ. ಅದೇ ಕಂಪನಿಯ ಮಾಸ್ಟ್ ಸಿಕ್ಕರೆ ತಲೆನೋವಿಲ್ಲ.

ಪ್ರಶ್ನೆ: 6.5ರ ಹಾಯಿ ಇದೆ, ತೂಕ 78. ಗಾಳಿ ಸ್ವಲ್ಪ ಜೋರಾದರೆ ಹಿಂದಿನ ಕೈ ಹಿಡಿದು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಬೋರ್ಡ್ ತಾನಾಗಿ ಗಾಳಿಯ ಕಡೆಗೆ ತಿರುಗಿಬಿಡುತ್ತದೆ. ಚಿಕ್ಕ ಹಾಯಿ ತೆಗೆದುಕೊಳ್ಳಿ ಎಂದರು. ತೆಗೆದುಕೊಳ್ಳಬೇಕೇ?
– ಎಸ್. ಆರ್., ರಾಜಾಜಿನಗರ

ಉತ್ತರ: ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಇದು ಡೌನ್‌ಹಾಲ್, ಅಂದರೆ ಹಾಯಿಯನ್ನು ಮಾಸ್ಟ್ ಬುಡದ ಕಡೆಗೆ ಎಳೆದು ಕಟ್ಟುವ ಬಿಗಿ, ಕಡಿಮೆಯಾದ ಲಕ್ಷಣ. ಕೆಳಗಿನ ಹಗ್ಗವನ್ನು ಸಾಕಷ್ಟು ಎಳೆಯದಿದ್ದರೆ ಹಾಯಿಯ ಹಿಂಭಾಗದ ಅಂಚು, ಅಂದರೆ ಲೀಚ್, ಬಿಗಿಯಾಗೇ ಉಳಿಯುತ್ತದೆ. ಗಾಳಿಯ ಹೊಡೆತ ಬಂದಾಗ ಮೇಲ್ಭಾಗ ತಿರುಚಿಕೊಂಡು ಹೆಚ್ಚಿನ ಗಾಳಿಯನ್ನು ಬಿಟ್ಟುಕೊಡಬೇಕು, ಅದು ಆಗುವುದಿಲ್ಲ. ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಹಿಂದಿನ ಕೈಗೆ ಭಾರ ಬೀಳುತ್ತದೆ, ಬೋರ್ಡ್ ಗಾಳಿಗೆ ಮುಖ ಮಾಡುತ್ತದೆ.

ಹುಲ್ಲಿನ ಮೇಲೆ ಹಾಯಿ ಹಾಸಿ ಹೀಗೆ ಮಾಡಿ. ಮಾಸ್ಟ್‌ನ ಎರಡು ತುಂಡು ಸೇರುವ ಕಡೆ ಮರಳಿಲ್ಲದಂತೆ ಒರೆಸಿ, ಸಂದಿ ಕಾಣದ ಹಾಗೆ ಒತ್ತಿ ಕೂರಿಸಿ. ಅಲ್ಲಿ ಸಂದಿ ಬಿಟ್ಟರೆ ಮಾಸ್ಟ್ ಮುರಿಯುವುದು ಅಲ್ಲೇ. ಹಗ್ಗ ರಾಟೆಗಳ ಮೇಲೆ ಒಂದರ ಮೇಲೊಂದು ಅಡ್ಡ ಬಾರದಂತೆ ಪೋಣಿಸಿ. ಬೇಕಾದ ಎಳೆತದ ಬಹುಪಾಲು ಈಗಲೇ ಎಳೆದು, ಬೂಮ್ ಹಾಕಿ, ಔಟ್‌ಹಾಲ್ (ಹಾಯಿಯ ಹಿಂದಿನ ಮೂಲೆಯನ್ನು ಬೂಮ್ ತುದಿಗೆ ಎಳೆಯುವ ಹಗ್ಗ) ಸ್ವಲ್ಪ ಎಳೆಯಿರಿ. ಆಮೇಲೆ ಉಳಿದ ಡೌನ್‌ಹಾಲ್. ಈ ಕೊನೆಯ ಎಳೆತವೇ ಕಷ್ಟದ್ದು. ನೆಲದ ಮೇಲೆ ಕೂತು, ಎಕ್ಸ್‌ಟೆನ್ಷನ್‌ಗೆ ಪಾದ ಕೊಟ್ಟು, ಹಗ್ಗವನ್ನು ಒಂದು ಕೋಲಿಗೋ ಹಿಡಿಕೆಗೋ ಸುತ್ತಿ, ಬೆನ್ನು ಬಗ್ಗಿಸದೆ ಕಾಲಿನಿಂದ ತಳ್ಳಿ.

ಎಲ್ಲಿ ನಿಲ್ಲಿಸಬೇಕು? ಮೇಲಿನ ಎರಡು ಬ್ಯಾಟನ್‌ಗಳ ನಡುವೆ ಲೀಚ್ ಸಡಿಲವಾಗಿ ನೆರಿಗೆ ಬಿದ್ದು, ಬೆರಳಿಂದ ತಟ್ಟಿದರೆ ಜೋಲಾಡಬೇಕು. ಗಾಳಿ ಜಾಸ್ತಿ ಇರುವ ದಿನ ಆ ಸಡಿಲ ಮೂರನೇ ಬ್ಯಾಟನ್‌ವರೆಗೂ ಇಳಿಯಬಹುದು. ಹೊಸಬರಿಗೆ ಇದು ಹಾಯಿ ಹಾಳಾದಂತೆ ಕಾಣುತ್ತದೆ, ಹಾಗಾಗಿ ಅರ್ಧಕ್ಕೇ ಬಿಡುತ್ತಾರೆ. ಬೂಮ್ ಹತ್ತಿರದ ಬ್ಯಾಟನ್ ತುದಿ ಮಾಸ್ಟನ್ನು ದಾಟಿ ಮುಂದೆ ಚಾಚಿದ್ದರೆ ಇನ್ನೂ ಎಳೆಯಬೇಕು. ಮಾಸ್ಟ್‌ನ ಅರ್ಧ ಅಗಲಕ್ಕೆ ಸರಿದರೆ ಸಾಕು. ಔಟ್‌ಹಾಲ್ ತಟಸ್ಥ (ಎಳೆಯದೆ ಬಿಟ್ಟ) ಸ್ಥಿತಿಯಿಂದ 2–3 ಸೆಂ.ಮೀ. ಹೆಚ್ಚು, ಅಷ್ಟೇ. ಬ್ಯಾಟನ್ ಪಾಕೆಟ್ ಉದ್ದಕ್ಕೂ ಅಡ್ಡ ಸುಕ್ಕುಗಳಿದ್ದರೆ ಆ ಬ್ಯಾಟನ್ನು ಕೀಲಿಯಿಂದ ಅರ್ಧ ಸುತ್ತು ಬಿಗಿ ಮಾಡಿ.

ಇಷ್ಟಾದ ಮೇಲೂ 20 ನಾಟ್‌ನಲ್ಲಿ ಕೈ ಸೋತರೆ ಆಗ 5.3ರ ಸುತ್ತಮುತ್ತ ಯೋಚಿಸಿ.

ಪ್ರಶ್ನೆ: ಮಂಗಳೂರು ಕಡೆ ಕಡಲಲ್ಲಿ 6.0ರಲ್ಲಿ ಸಲೀಸಾಗಿ ಓಡುತ್ತದೆ. ಅದೇ 15 ನಾಟ್ ಇದ್ದರೂ ಈ ಕಡೆಯ ಹಿನ್ನೀರಿನಲ್ಲಿ ಬೋರ್ಡ್ ಏಳುವುದೇ ಇಲ್ಲ. ನನ್ನ ಭ್ರಮೆಯೇ?
– ಡಿ. ಪಿ., ಮಲ್ಲೇಶ್ವರಂ

ಉತ್ತರ: ಭ್ರಮೆಯಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕರಾವಳಿಯದ್ದಕ್ಕಿಂತ ಸರಿಸುಮಾರು ಶೇ 9ರಷ್ಟು ತೆಳು. ಅದೇ ವೇಗದಲ್ಲಿ ಬೀಸಿದರೂ ನೂಕು ಅಷ್ಟು ಕಡಿಮೆ. ಕಡಲಲ್ಲಿ 6.0 ಹಾಕುವ ಕಡೆ ಇಲ್ಲಿ 6.5 ಬೇಕಾಗುತ್ತದೆ.

ಇನ್ನೊಂದು, ಕೆರೆ–ಹಿನ್ನೀರಿಗೆ ಗಾಳಿ ನೆಲದ ಮೇಲಿಂದ ಬರುತ್ತದೆ. 15 ಮೀಟರ್ ಎತ್ತರದ ಮರಗಳ ಸಾಲಿದ್ದರೆ ಅದರ ಹಿಂದೆ ಕನಿಷ್ಠ 150 ಮೀಟರ್‌ವರೆಗೆ ಗಾಳಿ ಚೂರುಚೂರು. ಆ್ಯಪ್ 15 ಎಂದರೆ ನೀರಿನ ಮೇಲೆ 8ಕ್ಕೂ 20ಕ್ಕೂ ನಡುವೆ ಓಲಾಡುತ್ತಿರುತ್ತದೆ. ಗಾಳಿ ಬಂದಾಗ ತೂರಿಕೊಳ್ಳುವವರ ಹಾಗೆ ನೀವೂ ಆ ಹೊಡೆತ ಬಂದಾಗ ಬೋರ್ಡ್ ಎಬ್ಬಿಸಿಕೊಳ್ಳಬೇಕು. ಅದಕ್ಕೆ ಹೊಟ್ಟೆ ತುಂಬಿದ, ಮೃದು ಹಾಯಿ ಒಳ್ಳೆಯದು. ಚಪ್ಪಟೆ ರೇಸ್ ಹಾಯಿ ಇಲ್ಲಿ ದಂಡ. ಗಾಳಿ ಬರುವ ದಡದಿಂದ ದೂರ, ನೀರಿನ ಅಗಲ ಹೆಚ್ಚಿರುವ ಕಡೆ ಓಡಿಸಿ.

ನಮ್ಮ ಒಳನಾಡಿನಲ್ಲಿ ಜೋರು ಗಾಳಿ ಮುಂಗಾರಿನ ತಿಂಗಳುಗಳದ್ದು, ಜುಲೈ ಅದರ ನೆತ್ತಿ. ಕರಾವಳಿಯಲ್ಲಿ ಅದೇ ತಿಂಗಳು ಕಡಲು ಒರಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಕಡಲಿಗೆ ಬೇಸಿಗೆ ಮಧ್ಯಾಹ್ನದ ಗಾಳಿ, ಇಲ್ಲಿಗೆ ಮುಂಗಾರು ಎಂದು ವರ್ಷವನ್ನು ಹಂಚಿಕೊಳ್ಳಿ. ಯಾವ ಕೆರೆಗೂ ಜಲಾಶಯಕ್ಕೂ ಅನುಮತಿ ಪಡೆಯದೆ ಇಳಿಯಬೇಡಿ.

ಪ್ರಶ್ನೆ: ಟಿ.ವಿ.ಯಲ್ಲಿ ಒಲಿಂಪಿಕ್ಸ್‌ನವರು ಭಾರೀ ಹಾಯಿ ಹಿಡಿದಿರುತ್ತಾರೆ. ಕ್ಯಾಂಬರ್ ಇರುವ ದೊಡ್ಡದನ್ನೇ ತೆಗೆದುಕೊಂಡು ನಿಧಾನವಾಗಿ ಕಲಿತರೆ ಆಗದೇ?
– ವಿ., ಯಲಹಂಕ

ಉತ್ತರ: ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವಿಂಡ್‌ಸರ್ಫಿಂಗ್ ವರ್ಗವಾದ ಐಕ್ಯೂಫಾಯಿಲ್‌ನಲ್ಲಿ ಪುರುಷರಿಗೆ 9.0, ಮಹಿಳೆಯರಿಗೆ 8.0, ಆದರೆ ಆ ಬೋರ್ಡ್ ಕೆಳಗೆ ಅದನ್ನು ನೀರಿನಿಂದ ಮೇಲೆತ್ತುವ ರೆಕ್ಕೆ, ಅಂದರೆ ಫಾಯಿಲ್, ಇದೆ, ಮೇಲೆ ಕಟ್ಟುಮಸ್ತಾದ ವೃತ್ತಿಪರರಿದ್ದಾರೆ. ಕ್ಯಾಂಬರ್ ಎಂದರೆ ಬ್ಯಾಟನ್ ತುದಿಯನ್ನು ಮಾಸ್ಟ್ ಮೇಲೆ ಕೂರಿಸುವ ಪ್ಲಾಸ್ಟಿಕ್ ಕವಲು. ಹಾಯಿಯ ಆಕಾರ ಗಾಳಿ ಇಲ್ಲದಾಗಲೂ ನಿಲ್ಲುತ್ತದೆ, ಓಟ ಸ್ಥಿರ. ಬೆಲೆ ತೆರುವುದು ಬೇರೆ ಕಡೆ: ತೂಕ ಹೆಚ್ಚು, ಲಫ್ ತೋಳು ಅಗಲವಾದ್ದರಿಂದ ನೀರು ತುಂಬಿಕೊಳ್ಳುತ್ತದೆ, ತಿರುಗಿಸುವಾಗ ಹಾಯಿಯ ಹೊಟ್ಟೆ ಪಟ್ಟೆಂದು ಇನ್ನೊಂದು ಬದಿಗೆ ಮಗುಚುತ್ತದೆ. ಹಾರ್ನೆಸ್ (ಬೂಮ್‌ಗೆ ಕೊಕ್ಕೆ ಸಿಕ್ಕಿಸುವ ಸೊಂಟದ ಪಟ್ಟಿ), ಫುಟ್‌ಸ್ಟ್ರ್ಯಾಪ್ (ಬೋರ್ಡ್ ಮೇಲೆ ಪಾದ ತೂರಿಸುವ ಪಟ್ಟಿ) ಎರಡೂ ರೂಢಿಯಾಗಿ ಬರೀ ವೇಗ ಬೇಕೆನಿಸಿದಾಗ ನೋಡಿ. ಅಲೆ ಸವಾರಿಯ ಆಸೆಯಿದ್ದರೆ ದಾರಿಯೇ ಬೇರೆ: 3.5ರಿಂದ 5.3ರ ಗಟ್ಟಿ ಬಟ್ಟೆಯ, ನಾಲ್ಕು ಬ್ಯಾಟನ್‌ನ ವೇವ್ ಹಾಯಿ.

ಪ್ರಶ್ನೆ: ಹೆಂಡತಿ 52 ಕೆ.ಜಿ., ಮಗಳಿಗೆ ಹನ್ನೊಂದು ವರ್ಷ, 32 ಕೆ.ಜಿ. ನನ್ನ 5.5 ಅವರಿಗೂ ನಡೆಯುತ್ತದೆಯೇ?
– ಎನ್., ಜೆ.ಪಿ. ನಗರ

ಉತ್ತರ: ನಡೆಯುವುದಿಲ್ಲ. ಹೆಂಡತಿಗೆ 4.0 ಅಥವಾ 4.5, ತೆಳು ಮಾಸ್ಟ್, ತೆಳು ಹಿಡಿಕೆಯ ಬೂಮ್. ಮಗುವಿಗೆ 2.0–2.5ರ ಮಕ್ಕಳ ಸೆಟ್. ದೊಡ್ಡವರ ಮಾಸ್ಟ್‌ಗೆ ಚಿಕ್ಕ ಹಾಯಿ ಕಟ್ಟಿದರೆ ಭಾರವೇನೂ ಇಳಿಯುವುದಿಲ್ಲ.

ಪ್ರಶ್ನೆ: ಹಳೆಯ ಹಾಯಿ ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು? ಹರಿದರೆ ಇಲ್ಲೇ ಹೊಲಿಸಬಹುದೇ?
– ಆರ್. ಜಿ., ಹೆಬ್ಬಾಳ

ಉತ್ತರ: ಬೆಳಕಿಗೆ ಹಿಡಿಯಿರಿ. ಹಾಯಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಂದರೆ ಮಾನೋಫಿಲ್ಮ್, ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಮಡಿಸಿದಾಗ ಒಣ ಅಪ್ಪಳದ ಸದ್ದು ಬಂದರೆ, ಬಿಸಿಲು ಅದನ್ನು ತಿಂದಿದೆ, ಬಿಟ್ಟುಬಿಡಿ. ಬೋರ್ಡ್‌ಗೆ ಉಜ್ಜುವ ಕೆಳ ಅಂಚು, ಬುಡದ ರಾಟೆಯ ಸುತ್ತಲಿನ ಹೊಲಿಗೆ, ಮಾಸ್ಟ್‌ಗೆ ತಾಗುವ ಬ್ಯಾಟನ್ ತುದಿಗಳು – ಸವೆಯುವುದು ಈ ಮೂರು ಕಡೆ. ಬೆರಳುದ್ದದ ಸೀಳಿಗೆ ಎರಡೂ ಬದಿ ಸೇಲ್ ಟೇಪ್ ಅಂಟಿಸಿದ್ದರೆ ಚಿಂತೆಯಿಲ್ಲ.

ಟಾರ್ಪಾಲಿನ್ ಹೊಲಿಯುವವರ ಬಳಿ ಒಯ್ಯುವುದಾದರೆ ಒಂದು ಮಾತು ಹೇಳಿಯೇ ಕೊಡಿ: ಹೊಲಿಗೆ ದಟ್ಟವಾಗಿ ಬೇಡ. ಸೂಜಿ ತೂತುಗಳು ಒತ್ತೊತ್ತಾಗಿ ಬಿದ್ದರೆ ಫಿಲ್ಮ್ ಅಂಚೆಚೀಟಿಯ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತದೆ. ಅಗಲವಾದ ಅಂಕುಡೊಂಕು ಹೊಲಿಗೆ, ಅಡಿಯಲ್ಲಿ ಡ್ಯಾಕ್ರನ್ ಬಟ್ಟೆಯ ಪಟ್ಟಿ.

ಮನೆಗೆ ತಂದ ಮೇಲೆ ತಾರಸಿಯಲ್ಲಿ ಬಿಡಬೇಡಿ. ಉಪ್ಪುನೀರು ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ತಲೆಯ ಕಡೆಯಿಂದ ಬ್ಯಾಟನ್‌ಗಳಿಗೆ ಸಮವಾಗಿ ಸುತ್ತಿ. ಸುರುಳಿ ಬಕೆಟ್‌ನ ಬಾಯಿಗಿಂತ ಸಣ್ಣದಾದರೂ ಪರವಾಗಿಲ್ಲ, ಮಡಿಕೆ ಮಾತ್ರ ಬೀಳಕೂಡದು.